ಬೀರುವಿನೊಳಗಿನ ಹೆಡ್‌ಫೋನ್‌ಗಳು

ನಮ್ಮ ಮಗಳ ಶಾಲೆಯ ಕಚೇರಿಯ ಹಿಂದೆ ಒಂದು ಸಣ್ಣ ಕೋಣೆ ಇದೆ. ಕಾಗದದ ಕಟ್ಟುಗಳು, ಕೆಟ್ಟುಹೋದ ಪ್ರೊಜೆಕ್ಟರ್, ಹಬ್ಬದ ಅಲಂಕಾರದ ಪೆಟ್ಟಿಗೆಗಳು, ಇವುಗಳ ನಡುವೆ ಒಂದು ಕಬ್ಬಿಣದ ಬೀರು. ಅದರ ಕೆಳಗಿನ ಅರೆಯಲ್ಲಿ ಹನ್ನೆರಡು ಹೆಡ್‌ಫೋನ್‌ಗಳು ತಮ್ಮ ವೈರನ್ನು ತಾವೇ ಸುತ್ತಿಕೊಂಡು ಮಲಗಿದ್ದವು. ಪ್ರತಿಯೊಂದರ ಮೇಲೂ ಮಾಸಿದ ಬಿಳಿ ಚೀಟಿ: ‘ಟೈಟಲ್ ಒನ್’, ಅದರ ಕೆಳಗೊಂದು ಸಂಖ್ಯೆ. ಕಾಗದ ತರಲು ಹೋಗಿದ್ದ ನಾನು ಒಂದನ್ನು ಎತ್ತಿಕೊಂಡೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಮೇಜಿನ ಹಿಂದೆ ಕುಳಿತಿರುವ ಕಚೇರಿಯ ಸೆಕ್ರೆಟರಿ ಕನ್ನಡಕದ ಮೇಲಿಂದ ನೋಡಿದರು.

“ಅದನ್ನು ಅಲ್ಲೇ ಇಡಿ. ಅದು ಪಟ್ಟಿಯಲ್ಲಿರುವ ಮಕ್ಕಳಿಗೆ ಮಾತ್ರ.”

“ಯಾವ ಪಟ್ಟಿ?”

ಅವರು ಕೊಂಚ ಯೋಚಿಸಿದರು. “ಈಗ ಪಟ್ಟಿ ಇಲ್ಲ.”

ನಾವು ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೂರ್ವ ಭಾಗದಲ್ಲಿ. ಬೆಂಗಳೂರಿನಿಂದ ಬಂದವರು ಸಾಮಾನ್ಯವಾಗಿ ಮನೆ ಹುಡುಕುವ ಕಡೆ ಇದಲ್ಲ. ಅವರು ಶಾಲೆಗಳಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಹೇಳುವ ಜಾಲತಾಣವನ್ನು ಮೊದಲು ನೋಡಿ ಆಮೇಲೆ ಬಾಡಿಗೆ ಕೇಳುತ್ತಾರೆ. ನಾವು ಬಾಡಿಗೆಯನ್ನು ಮೊದಲು ಕೇಳಿದವರು. ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತ ಒಬ್ಬರು ಮಗಳ ಶಾಲೆಯ ಹೆಸರು ಕೇಳಿ, “ಅದು ಟೈಟಲ್ ಒನ್ ಶಾಲೆ ಅಲ್ಲವೇ?” ಎಂದು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಮರುಕಪಟ್ಟರು. ಬಡ ಮಕ್ಕಳು ಹೆಚ್ಚಿರುವ ಶಾಲೆಗೆ ಇಲ್ಲಿ ಆ ಹೆಸರು. ಮನೆಯವರ ಕಾಯಿಲೆಯನ್ನು ವಿಚಾರಿಸಿದ ಹಾಗಿತ್ತು.

ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ಮನೆಯ ಭಾಷೆ ಯಾವುದು ಎಂದು ಕೇಳುತ್ತಾರೆ. ‘ಇಂಗ್ಲಿಷ್ ಎಂದು ಬರೆದುಬಿಡಿ, ಇಲ್ಲದಿದ್ದರೆ ಮಗುವಿಗೆ ಪರೀಕ್ಷೆ ಇಡುತ್ತಾರೆ’ ಎಂಬುದು ಇಲ್ಲಿನ ನಮ್ಮವರ ವೇದವಾಕ್ಯ. ನಾನು ಕನ್ನಡ ಎಂದೇ ಬರೆದೆ. ಪರೀಕ್ಷೆ ಇಟ್ಟರು, ಮಗಳು ಪಾಸಾದಳು. ಆ ಕಾಗದಕ್ಕೆ ಸಹಿ ಹಾಕಲು ಹೋದಾಗ ಮುಖ್ಯೋಪಾಧ್ಯಾಯಿನಿಗೆ ನಾನು ಒಂದು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆಂದು ತಿಳಿಯಿತು. ಮುಂದಿನ ತಿಂಗಳು ನಾನು ಶಾಲಾ ಸಮಿತಿಯ ಚುನಾವಣೆಯಲ್ಲಿ ಗೆದ್ದಿದ್ದೆ. ಎದುರು ಯಾರೂ ನಿಂತಿರಲಿಲ್ಲ.

ಈ ಸಮಿತಿಯನ್ನು ನಮ್ಮ ಕಡೆಯ ಎಸ್‌ಡಿಎಂಸಿಯ ದೂರದ ನೆಂಟ ಎನ್ನಬಹುದು. ಮುಖ್ಯೋಪಾಧ್ಯಾಯಿನಿ, ಮೂವರು ಶಿಕ್ಷಕರು, ಒಬ್ಬ ಸಿಬ್ಬಂದಿ, ಐವರು ಪೋಷಕರು, ಒಟ್ಟು ಹತ್ತು. ಟೈಟಲ್ ಒನ್ ಹಣ ಹೇಗೆ ಖರ್ಚಾಗಬೇಕೆಂಬ ಯೋಜನೆಗೆ ಪ್ರತಿ ವರ್ಷ ಇಲ್ಲಿ ಒಪ್ಪಿಗೆ ಸಿಕ್ಕ ಮೇಲೆಯೇ ಅದು ಜಿಲ್ಲಾ ಶಿಕ್ಷಣ ಮಂಡಳಿಗೆ ಹೋಗುವುದು.

ಟೈಟಲ್ ಒನ್ ಎಂದರೆ 1965ರ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಯ ಮೊದಲ ಭಾಗ. ಆ ವರ್ಷದ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾವು ಬಾಲ್ಯದಲ್ಲಿ ಓದಿದ ಒಂದೇ ಕೋಣೆಯ ಶಾಲೆಯ ಅಂಗಳದಲ್ಲಿ, ಮೊದಲ ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಕ್ಕೆ ಸಹಿ ಹಾಕಿದ್ದರು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಫೆಡರಲ್ ಸರ್ಕಾರ ಕೊಡುವ ಹಣ ಇದು. ಈಗ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್. ಮೊದಮೊದಲು ಕೈ ಸಡಿಲವಾಗಿತ್ತು. ಬಡ ಮಕ್ಕಳ ಹೆಸರಿನ ಹಣ ಎಲ್ಲೆಲ್ಲಿ ಸೋರಿಹೋಯಿತು ಎಂದು 1969ರಲ್ಲಿ ಒಂದು ವರದಿ ಬಿಚ್ಚಿಟ್ಟ ಮೇಲೆ ಬಿಗಿ ಬಂತು. ಹಿಂದುಳಿದ ಮಕ್ಕಳ ಪಟ್ಟಿ ಮಾಡಬೇಕು, ಆ ಮಕ್ಕಳಿಗೆ ಮಾತ್ರ ಖರ್ಚು ಮಾಡಬೇಕು. ತಂದ ಸಾಮಾನನ್ನು ಪಕ್ಕದ ಬೆಂಚಿನವನು ಮುಟ್ಟಬಾರದು. ಆ ಕಾಲದ ನೆನಪೇ ನಮ್ಮ ಬೀರುವಿನೊಳಗಿನ ಚೀಟಿ.

ಆದರೆ ಕಾಯ್ದೆ ಅಲ್ಲೇ ನಿಲ್ಲಲಿಲ್ಲ. ಬಡ ಮಕ್ಕಳು ಶೇ 75ರಷ್ಟಿರುವ ಶಾಲೆ ಈ ಹಣವನ್ನು ಇಡೀ ಶಾಲೆಗಾಗಿ ಬಳಸಬಹುದು ಎಂದು 1978ರಲ್ಲಿ, ಅದೂ ಷರತ್ತಿನ ಮೇಲೆ, ಬಾಗಿಲು ತುಸು ತೆರೆಯಿತು. ತೆರೆಯುತ್ತ ತೆರೆಯುತ್ತ 2001ರ ತಿದ್ದುಪಡಿ ಕಾಯ್ದೆಯ ಹೊತ್ತಿಗೆ ಆ ಮಿತಿ ಶೇ 40ಕ್ಕೆ ಇಳಿದಿತ್ತು. ನಮ್ಮ ಶಾಲೆ ಆ ಗೆರೆಯನ್ನು ಯಾವಾಗಲೋ ದಾಟಿದೆ. ಕಾಗದದ ಮೇಲೆ ಪಟ್ಟಿ ಹೋಗಿ ಹದಿನೈದು ವರ್ಷವಾಗಿತ್ತು. ಚೀಟಿ ಮಾತ್ರ ಹೋಗಿರಲಿಲ್ಲ.

2024ರ ಮಾರ್ಚ್‌ನ ಒಂದು ಸಂಜೆ ಸಮಿತಿಯ ಸಭೆ. ಗ್ರಂಥಾಲಯದಲ್ಲಿ ಎರಡನೆಯ ತರಗತಿಯ ಮಕ್ಕಳ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತಿದ್ದೆವು. ಬಿಸ್ಕತ್ತು ಮುಖ್ಯೋಪಾಧ್ಯಾಯಿನಿಯ ಸ್ವಂತ ದುಡ್ಡಿನದು, ಅದನ್ನು ಅವರು ಪ್ರತಿ ಸಲವೂ ಹೇಳುತ್ತಾರೆ. ಚರ್ಚೆಗೆ ಇದ್ದದ್ದು ಮಕ್ಕಳಿಗೆ ಓದು ಕಲಿಸುವ ಒಂದು ತಂತ್ರಾಂಶ. ಅದನ್ನು ಕೋವಿಡ್ ಪರಿಹಾರದ ಹಣದಲ್ಲಿ ಕೊಂಡಿದ್ದರು. ಆ ಹಣವನ್ನು ಅದೇ ವರ್ಷದ ಸೆಪ್ಟೆಂಬರ್ 30ರೊಳಗೆ ಯಾವ ಖರ್ಚಿಗೆ ಎಂದು ಗೊತ್ತುಪಡಿಸಿ ಮುಗಿಸಬೇಕಿತ್ತು, ಮುಂದಕ್ಕೆ ಇಲ್ಲ. ಹಾಗಾದರೆ ತಂತ್ರಾಂಶದ ಖರ್ಚನ್ನು ಟೈಟಲ್ ಒನ್‌ಗೆ ಹಾಕೋಣವೇ? ಎಲ್ಲರೂ ತಲೆ ಆಡಿಸುವ ಹಂತದಲ್ಲಿದ್ದೆವು.

ಆಗ ಎರಡನೆಯ ತರಗತಿಯ ಶಿಕ್ಷಕಿ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹಾಸಿದರು. ಹಾಜರಿಯ ಹಾಳೆ. ಬಾರದ ದಿನಗಳಿಗೆಲ್ಲ ಕೆಂಪು ಪೆನ್ಸಿಲ್ ತೀಡಿದ್ದರು. ಹಾಳೆಯ ಉದ್ದಕ್ಕೂ ಸೋಮವಾರಗಳ ಸಾಲು ಕೆಂಪಾಗಿತ್ತು.

“ತಂತ್ರಾಂಶ ಚೆನ್ನಾಗಿಯೇ ಇದೆ. ಆದರೆ ಅದು ಬೇಕಾದ ಆರು ಮಕ್ಕಳು ನನ್ನ ತರಗತಿಯಲ್ಲಿ ಇರುವುದೇ ಇಲ್ಲ” ಎಂದರು.

ಇಲ್ಲಿ 180 ದಿನಗಳ ಶಾಲೆಯಲ್ಲಿ 18 ದಿನ ತಪ್ಪಿಸಿದರೆ ಮಗು ದೀರ್ಘಕಾಲದ ಗೈರುಹಾಜರಿಯ ಲೆಕ್ಕಕ್ಕೆ ಸೇರುತ್ತದೆ. ಕೋವಿಡ್ ಮುಗಿದು ಮಕ್ಕಳು ಮರಳಿದ 2021–22ರಲ್ಲಿ ಕ್ಯಾಲಿಫೋರ್ನಿಯಾದ ಶೇ 30ರಷ್ಟು ಮಕ್ಕಳು ಆ ಲೆಕ್ಕದಲ್ಲಿದ್ದರು. ಅಷ್ಟು ಹೊತ್ತೂ ನಾನು ಅದನ್ನು ಒಂದು ಅಂಕಿಯಾಗಿಯೇ ನೋಡಿದ್ದೆ, ಪೆನ್ಸಿಲ್ ಗೀಟಾಗಿ ನೋಡಿರಲಿಲ್ಲ. ಅವರ ಪ್ರಸ್ತಾವ ಸರಳ: ತಂತ್ರಾಂಶ ಬಿಡೋಣ, ಆ ಹಣದಲ್ಲಿ ಅರ್ಧ ದಿನದ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳೋಣ. ಮನೆ ಮನೆಗೆ ಹೋಗಿ, ಮಗು ಯಾಕೆ ಬರುತ್ತಿಲ್ಲ ಎಂದು ಕೇಳಿ, ಏನಾದರೂ ದಾರಿ ಮಾಡುವವರು.

“ಅದು ಆಗುವುದಿಲ್ಲ” ಎಂದೆ ನಾನು. ಲೆಕ್ಕದವಳ ದನಿಯಲ್ಲೇ ಎಂದೆ. “ಟೈಟಲ್ ಒನ್ ಹಣ ಓದು ಮತ್ತು ಗಣಿತಕ್ಕೆ. ಬಾಗಿಲು ಬಡಿಯುವವರ ಸಂಬಳಕ್ಕಲ್ಲ. ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೇವೆ.”

ಮುಖ್ಯೋಪಾಧ್ಯಾಯಿನಿ ನನ್ನತ್ತ ತಿರುಗಿದರು. “ಎಲ್ಲಿ ಬರೆದಿದೆ?”

ಎಲ್ಲಿ ಬರೆದಿದೆ ಎಂದು ನನಗೆ ಗೊತ್ತಿರಲಿಲ್ಲ. ಹಿಂದೆ ಯಾರೋ ಒಬ್ಬ ಮುಖ್ಯೋಪಾಧ್ಯಾಯರು ಇಂಥದ್ದೇ ಏನನ್ನೋ ಕೇಳಿದ್ದರಂತೆ, ಮೇಲಿನ ಕಚೇರಿಯಿಂದ ಯಾರೋ ಬೇಡ ಎಂದಿದ್ದರಂತೆ. ಆ ‘ಅಂತೆ’ ಕೈಯಿಂದ ಕೈಗೆ ಬಂದು ನನ್ನ ಬಾಯಲ್ಲಿ ಕಾಯ್ದೆಯಾಗಿತ್ತು. ನನ್ನ ಪುಣ್ಯಕ್ಕೆ ಆ ದಿನ ಮತಕ್ಕೆ ಹಾಕುವಂತಿರಲಿಲ್ಲ. ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಗೋಡೆಗೆ ಅಂಟಿಸಬೇಕು, ಅದರಲ್ಲಿ ಇಲ್ಲದ್ದನ್ನು ತೀರ್ಮಾನಿಸುವಂತಿಲ್ಲ. ಒಂದು ವಾರ ಮುಂದೂಡಿದೆವು.

ರಾತ್ರಿ ಪಾತ್ರೆ ತೊಳೆದು ಕಂಪ್ಯೂಟರ್ ಮುಂದೆ ಕುಳಿತೆ. ಫೆಡರಲ್ ಶಿಕ್ಷಣ ಇಲಾಖೆ 2016ರಲ್ಲಿ ಹೊರಡಿಸಿದ ಮಾರ್ಗದರ್ಶಿಯೊಂದು ಸಿಕ್ಕಿತು. ಸರ್ಕಾರಿ ಕಾಗದ ಓದುವುದು ನನಗೆ ಅನ್ನ ಕೊಡುವ ಕೆಲಸ, ಆದ್ದರಿಂದ ಬೇಸರವಾಗಲಿಲ್ಲ. ಶಾಲೆ ತನ್ನ ಅಗತ್ಯವೇನೆಂದು ಮೊದಲು ಪರಿಶೀಲಿಸಬೇಕು, ಅದಕ್ಕೆ ತಕ್ಕ ಯೋಜನೆ ಬರೆಯಬೇಕು, ಫಲ ಕಂಡಿತೇ ಎಂದು ವರ್ಷಕ್ಕೊಮ್ಮೆ ನೋಡಬೇಕು. ಆ ಯೋಜನೆಯೊಳಗೆ ಬಂದರೆ ಆಪ್ತ ಸಮಾಲೋಚನೆಗೂ, ಮನೆಯವರನ್ನು ಶಾಲೆಯ ಜೊತೆ ಸೇರಿಸಿಕೊಳ್ಳುವ ಕೆಲಸಕ್ಕೂ ಹಣ ಬಳಸಬಹುದು. ಅದರಲ್ಲೇ ಜನರಲ್ಲಿರುವ ತಪ್ಪು ತಿಳಿವಳಿಕೆಗಳ ಒಂದು ಪಟ್ಟಿಯೂ ಇತ್ತು. ಈ ಹಣ ಓದು ಮತ್ತು ಗಣಿತಕ್ಕೆ ಮಾತ್ರ ಎಂಬುದು ಆ ಪಟ್ಟಿಯಲ್ಲಿತ್ತು. ನಾನು ಸಂಜೆ ಗಂಟಲೆತ್ತಿ ಹೇಳಿದ ಮಾತು! ಮನೆಯಲ್ಲಿ ಎಲ್ಲರೂ ಮಲಗಿದ್ದರೂ ಕಿವಿ ಬಿಸಿಯಾಯಿತು.

ಊರಿನಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೆಡ್‌ಮಾಸ್ಟರಾಗಿದ್ದವರು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಅವರ ಮೇಜಿನ ಮೇಲೆ ಮೂರು ಫೈಲು ಇರುತ್ತಿದ್ದವು: ಶಾಲಾ ಅನುದಾನ, ನಿರ್ವಹಣೆಯ ಅನುದಾನ, ಮತ್ತೆ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿಯ ಬೋಧನೋಪಕರಣದ ಅನುದಾನ. ಒಂದರ ದುಡ್ಡು ಇನ್ನೊಂದಕ್ಕೆ ಹೋಗುವಂತಿಲ್ಲ. ಜುಲೈ ಮಳೆಗೆ ಹೆಂಚು ಒಡೆದು ಮೂರನೆಯ ತರಗತಿ ಸೋರುತ್ತಿದ್ದಾಗ ಅವರ ಕೈಯಲ್ಲಿ ಚಾರ್ಟ್ ಕೊಳ್ಳುವ ದುಡ್ಡು ಇತ್ತು, ಹೆಂಚಿನ ದುಡ್ಡು ಬಂದಿರಲಿಲ್ಲ. ಅದು ಬರುವ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರುತ್ತಿತ್ತು. ಅಪ್ಪ ಸ್ವಂತ ದುಡ್ಡಿನಲ್ಲಿ ಹೆಂಚು ಹೊದಿಸಿದರು. ಆ ರಸೀದಿ ಇವತ್ತಿಗೂ ಬಿಸ್ಕತ್ತಿನ ಡಬ್ಬಿಯಲ್ಲಿದೆ, ಯಾರಿಗೂ ತೋರಿಸುವ ಸಂದರ್ಭ ಬರಲಿಲ್ಲ. ಆ ಡಬ್ಬಿಯನ್ನು ನೋಡಿಯೇ ನಾನು ಲೆಕ್ಕಪತ್ರ ಓದಿದ್ದು ಎಂದು ಬೇಕಾದರೆ ಹೇಳಬಹುದು.

2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದಾಗ ಆ ಫೈಲುಗಳನ್ನು ಸೇರಿಸಿ ಒಂದೇ ಅನುದಾನ ಮಾಡಿದರು. ಮಕ್ಕಳ ಸಂಖ್ಯೆಗೆ ತಕ್ಕ ಹಾಗೆ ಹಣ. ಅರವತ್ತು ಮಕ್ಕಳ ಶಾಲೆಗೆ 25,000, ಅದರಲ್ಲಿ ಶೇ 10 ಸ್ವಚ್ಛತೆಗೆ, ಉಳಿದದ್ದು ಶಾಲೆಯ ಅಗತ್ಯಕ್ಕೆ. ಅಪ್ಪ ಅಷ್ಟರಲ್ಲಿ ನಿವೃತ್ತರಾಗಿದ್ದರು. ಹಾಗಾಗಿ ಅವರು, ಮಾರ್ಗದರ್ಶಿ ಓದಿ ಮನಸ್ಸು ಬದಲಿಸಿದ್ದ ನನ್ನ ಪರವಾಗಿಯೇ ಮಾತನಾಡುತ್ತಾರೆ, ‘ಬಿಗಿ ಬೇಡವೇ ಬೇಡ’ ಎನ್ನುತ್ತಾರೆ ಎಂದುಕೊಂಡಿದ್ದೆ.

“ಬಿಗಿ ಇದ್ದದ್ದರಿಂದ ಚಾರ್ಟಾದರೂ ಬಂತಲ್ಲ ಮಾರಾಯ್ತಿ” ಎಂದರು ಅಪ್ಪ. “ಸಡಿಲ ಬಿಟ್ಟಿದ್ದರೆ ಆ ದುಡ್ಡಿನಲ್ಲಿ ಶಾಲೆಯ ಮುಂದೆ ಒಂದು ಕಮಾನು ಏಳುತ್ತಿತ್ತು. ಅಧ್ಯಕ್ಷರ ಹೆಸರು ಕೆತ್ತಿಸಿ.” ಕಾಫಿ ಹೀರಿದ ಸದ್ದು ಕೇಳಿತು. “ಸಡಿಲ ಮಾಡಿ, ತಪ್ಪಲ್ಲ. ಯಾರ ಕೈಯಲ್ಲಿ ಸಡಿಲ ಅಂತ ನೋಡಿಕೊಳ್ಳಿ.”

ಆ ಮಾತು ಮರುವರ್ಷ ಮತ್ತೆ ನೆನಪಾಯಿತು. 2025ರಲ್ಲಿ ಅಯೋವಾ ರಾಜ್ಯ ಹಲವು ಫೆಡರಲ್ ಶಿಕ್ಷಣ ಅನುದಾನಗಳನ್ನು ಒಟ್ಟುಗೂಡಿಸಿ ಬಳಸಲು ಅನುಮತಿ ಕೇಳಿದಾಗ ಅದಕ್ಕೂ ‘ಸಡಿಲಿಕೆ’ ಎಂದೇ ಹೆಸರಿತ್ತು. ಹಾಜರಿಯ ಹಾಳೆಗೆ ಕೆಂಪು ಪೆನ್ಸಿಲ್ ತೀಡಿದವರ ಕೈಗೆ ಬರುವ ಸಡಿಲಿಕೆಯೂ ರಾಜ್ಯದ ರಾಜಧಾನಿಯ ಕಚೇರಿಯಲ್ಲೇ ನಿಲ್ಲುವ ಸಡಿಲಿಕೆಯೂ ನನಗೆ ಒಂದೇ ಅಲ್ಲ.

ಇತ್ತ, ಒಂದು ವಾರ ಮುಂದೂಡಿದ್ದ ಆ ಸಭೆಯಲ್ಲಿ ನಾನು ತಪ್ಪು ಒಪ್ಪಿಕೊಂಡೆ, ಮಾರ್ಗದರ್ಶಿಯ ಆ ಪುಟದ ಹತ್ತು ಪ್ರತಿ ತೆಗೆದು ಹಂಚಿದೆ. ಏಳು ಮತ ಪರ, ಮೂರು ವಿರೋಧ. ವಿರೋಧಿಸಿದವರಲ್ಲಿ ಮೂರನೆಯ ತರಗತಿಯ ಶಿಕ್ಷಕಿಯೂ ಒಬ್ಬರು. ಅವರ ತರಗತಿಯ ಮಕ್ಕಳು ದಿನವೂ ಬರುತ್ತಿದ್ದರು, ತಂತ್ರಾಂಶದಲ್ಲಿ ಹಟ ಹಿಡಿದು ಓದುತ್ತಿದ್ದರು. “ಬರುವ ಮಕ್ಕಳದ್ದನ್ನು ಕಿತ್ತು ಬಾರದವರಿಗೆ ಕೊಟ್ಟಿರಿ” ಎಂದರು. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಮಗೆ ಬರುವ ಹಣವೇ ಒಬ್ಬ ಶಿಕ್ಷಕಿಯ ಸಂಬಳಕ್ಕಿಂತ ತುಸು ಹೆಚ್ಚು, ಅಷ್ಟೇ, ಎರಡಕ್ಕೂ ಸಾಲದು. ಮೂರನೆಯ ತರಗತಿಯ ಆ ಶಿಕ್ಷಕಿ ಇವತ್ತಿಗೂ ನನಗೆ ನಮಸ್ಕಾರವನ್ನು ಅಳೆದು ಹಾಕುತ್ತಾರೆ.

ಆಗಸ್ಟ್‌ನಲ್ಲಿ ಶಾಲೆಯ ಬೀದಿಯ ಒಬ್ಬ ಹೆಂಗಸು ಮನೆ ಮನೆಗೆ ಹೋಗುವ ಆ ಕೆಲಸಕ್ಕೆ ಸೇರಿದರು. ಆರು ಮನೆಗಳ ಸೋಮವಾರದ ಗುಟ್ಟುಗಳು ಆರು ತರಹ. ಒಂದು ಮನೆಯ ತಾಯಿ ಭಾನುವಾರ ರಾತ್ರಿ ಪಾಳಿ ಮುಗಿಸಿ ಬರುವುದು ಬೆಳಿಗ್ಗೆ ಎಂಟೂವರೆಗೆ. ಶಾಲೆಯ ಗಂಟೆ ಎಂಟು ಹತ್ತಕ್ಕೆ. ಅಜ್ಜಿಗೆ ಮಗುವನ್ನು ರಸ್ತೆ ದಾಟಿಸುವ ಧೈರ್ಯ ಇಲ್ಲ. ಮೂರು ಮನೆ ಆಚೆಯ ಇನ್ನೊಬ್ಬ ತಾಯಿ ಹೇಗೂ ತನ್ನ ಇಬ್ಬರನ್ನು ನಡೆಸಿಕೊಂಡು ಹೋಗುತ್ತಿದ್ದಳು, ಮೂರನೆಯದೂ ಸೇರಿಕೊಂಡಿತು. ಇದಕ್ಕೆ ಫೆಡರಲ್ ಸರ್ಕಾರ ಬೇಕಿತ್ತೇ ಎಂದು ಯಾರಾದರೂ ಕೇಳಬಹುದು. ಎರಡು ವರ್ಷ ಆ ಎರಡು ಮನೆಗಳವರು ಒಬ್ಬರನ್ನೊಬ್ಬರು ಮಾತನಾಡಿಸಿರಲಿಲ್ಲ. ಆರು ಮಕ್ಕಳಲ್ಲಿ ನಾಲ್ವರು ಬರತೊಡಗಿದರು. ಇಬ್ಬರ ಮನೆಯವರು ಬಾಡಿಗೆ ಏರಿದ್ದಕ್ಕೆ ಊರೇ ಬಿಟ್ಟರು.

ಅಕ್ಟೋಬರ್‌ನಲ್ಲಿ ಶಿಶುವಿಹಾರದ ಟೀಚರ್ ಹೆಡ್‌ಫೋನ್ ಸಾಲದು ಎಂದರು. ನಾನು ಬೀರು ನೆನಪಿಸಿದೆ. ಸೆಕ್ರೆಟರಿ ಈ ಸಲ ಏನೂ ಅನ್ನದೆ ಬೀಗದ ಕೈ ಕೊಟ್ಟರು. ಒಂದನ್ನು ಎತ್ತಿ ಕಿವಿಗೆ ಇಟ್ಟುಕೊಂಡೆ. ತೆಗೆದಾಗ ಕೆನ್ನೆಯ ಮೇಲೆಲ್ಲ ಕಪ್ಪು ಪುಡಿ. ಸ್ಪಂಜು ಒಳಗೇ ಸತ್ತುಹೋಗಿತ್ತು. ಹನ್ನೆರಡರದ್ದೂ ಅದೇ ಕಥೆ. ವೈರಿನ ತುದಿಯ ಪಿನ್ನು ಸೇರುವ ತೂತು ಈಗಿನ ಯಾವ ಯಂತ್ರದಲ್ಲೂ ಇರಲಿಲ್ಲ.

“ಕಸದ ಡಬ್ಬಿಗೆ ಹಾಕಿಬಿಡಲೇ?” ಎಂದೆ.

“ಹಾಗೆಲ್ಲ ಹಾಕುವಂತಿಲ್ಲ” ಎಂದು ಅವರು ಮೇಜಿನ ಎರಡನೆಯ ಖಾನೆಯಿಂದ ಒಂದು ನಮೂನೆ ತೆಗೆದರು. ಫೆಡರಲ್ ಹಣದ ಸಾಮಾನು ವಿಲೇವಾರಿ. ಹನ್ನೆರಡು ಸಂಖ್ಯೆಗಳನ್ನು ಚೀಟಿ ನೋಡಿ ನೋಡಿ ನಿಧಾನಕ್ಕೆ ತುಂಬಿದರು. ಕಾರಣ ಎಂಬ ಕಡೆ ಪೆನ್ನು ನಿಂತಿತು. ನನ್ನ ಮುಖ ನೋಡಿದರು, ಕೆನ್ನೆ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟರು, ಆಮೇಲೆ ಬರೆದರು: ಬಳಸಿ ಸವೆದಿದೆ.