ಉರಿಯೂ ಇಲ್ಲ, ಊತವೂ ಇಲ್ಲ

ಮಧುಗಿರಿ ಬಳಿಯ ನಮ್ಮ ಹೊಲದ ಬೇಲಿಗೆ ಜಾಲಿಮುಳ್ಳು ಎಳೆದು ಹಾಕುವಾಗ ಅಪ್ಪನ ಹೆಬ್ಬೆರಳಿಗೆ ಮುಳ್ಳು ಮುರಿದುಕೊಂಡಿತು. ಮರುದಿನಕ್ಕೆ ಬೆರಳು ಕೆಂಪಗೆ ಊದಿ, ಮುಟ್ಟಿದರೆ ಬಿಸಿ ತಗಲುವಂತಾಗಿತ್ತು. ಅದೇ ವಾರ ಶುಗರ್ ತಪಾಸಣೆಗೆಂದು ಅವರನ್ನು ತುಮಕೂರಿಗೆ ಕರೆದೊಯ್ದಾಗ, ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನು ಲೀಟರಿಗೆ 14 ಮಿಲಿಗ್ರಾಂ ಇತ್ತು. ವೈದ್ಯರು ಬೆರಳನ್ನು ನೋಡಿ, “ಇದು ಮುಳ್ಳಿನ ಲೆಕ್ಕ, ಮಾಯ್ದ ಮೇಲೆ ಇನ್ನೊಮ್ಮೆ ಮಾಡಿಸಿ” ಎಂದರು. ಆರು ವಾರದ ನಂತರ, ಬೆರಳಿನಲ್ಲಿ ಗುರುತೂ ಉಳಿಯದಿದ್ದಾಗ, ಅದು 3.8ಕ್ಕೆ ಇಳಿದಿತ್ತು. ಹೃದಯದ ಅಪಾಯವನ್ನು ಅಂದಾಜು ಮಾಡುವಾಗ 1ಕ್ಕಿಂತ ಕಡಿಮೆಯಿದ್ದರೆ ನಿಶ್ಚಿಂತೆ, 3 ದಾಟಿದರೆ ಎಚ್ಚರಿಕೆ. ಹಾಗಾದರೆ ಈ 3.8 ಯಾವ ಮುಳ್ಳಿನದು?

ಉರಿ ಮತ್ತು ಊತ ಸೇರಿ ಉರಿಯೂತ. ಹೆಬ್ಬೆರಳಿಗೆ ಆ ಪದ ಸರಿಯಾಗಿ ಒಪ್ಪುತ್ತದೆ. ಆದರೆ ವರ್ಷಗಟ್ಟಲೆ ಒಳಗೇ ನಡೆಯುವ ಉರಿಯೂತದಲ್ಲಿ ಉರಿಯೂ ಇರುವುದಿಲ್ಲ, ಊತವೂ ಕಾಣುವುದಿಲ್ಲ. ಅದರ ಒಂದು ಮುಖ್ಯ ನೆಲೆ ಹೊಟ್ಟೆಯೊಳಗಿನ ಕೊಬ್ಬು. ಕೊಬ್ಬಿನ ಕೋಶಗಳು ಮಿತಿಮೀರಿ ಹಿಗ್ಗಿ ಸಾಯತೊಡಗಿದಾಗ, ಅವನ್ನು ತೆರವು ಮಾಡಲು ಬಂದ ಬಿಳಿ ರಕ್ತಕಣಗಳು ಸುತ್ತುವರಿದು ಅಲ್ಲಿಯೇ ಬೀಡುಬಿಡುತ್ತವೆ. ಬೊಜ್ಜು ಬೆಳೆದ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಅಣು ಹೆಚ್ಚಿರುವುದನ್ನೂ, ಅದನ್ನು ತಡೆದರೆ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡುವುದನ್ನೂ ವಿಜ್ಞಾನಿಗಳಾದ ಹೋತಾಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ 1993ರಲ್ಲಿ ತೋರಿಸಿದರು. ಆ ಅಣು ಹೆಚ್ಚಿದಾಗ, ಸಕ್ಕರೆಯನ್ನು ಕೋಶದೊಳಗೆ ಸೇರಿಸಬೇಕಾದ ಇನ್ಸುಲಿನ್ ಬಾಗಿಲು ತಟ್ಟುತ್ತಲೇ ಇರುತ್ತದೆ, ಒಳಗಿನವರಿಗೆ ಕೇಳಿಸುವುದಿಲ್ಲ.

ಅಪ್ಪ ಸಣಕಲು ಆಳು, ಎರಡು ಹೊತ್ತೂ ರಾಗಿ ಮುದ್ದೆ ಉಣ್ಣುವವರು. ಅವರಿಗೆಲ್ಲಿಯ ಬೊಜ್ಜು ಎಂದು ನಾನೂ ಕೇಳಿದ್ದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹವನ್ನೇ ಅಳೆದು ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರಲ್ಲೂ 22.3, ಆದರೆ ಯುಡ್ಕಿನ್ ಅವರಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೂಕದ ಯಂತ್ರ ನಮ್ಮವರ ವಿಷಯದಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಮುಪ್ಪಿನ ದಾರಿಯೂ ಇಲ್ಲಿಗೇ ಬಂದು ಸೇರುತ್ತದೆ. ವಯಸ್ಸಾದಂತೆ, ವಿಭಜನೆ ನಿಲ್ಲಿಸಿಯೂ ಸಾಯದ ಕೋಶಗಳು ಅಂಗಾಂಶಗಳಲ್ಲಿ ಉಳಿದುಕೊಂಡು, ಹಿಗ್ಗಿದ ಕೊಬ್ಬು ಸುರಿಸುವ ಐಎಲ್-6ರಂಥ ಉರಿಯೂತದ ಅಣುಗಳನ್ನೇ ತಾವೂ ಸುರಿಸುತ್ತವೆ. ಇಟಲಿಯ ವಿಜ್ಞಾನಿ ಫ್ರಾನ್ಸೆಸ್ಕಿ 2000ದಲ್ಲಿ ಇದಕ್ಕೆ ಉರಿಯೂತ, ಮುಪ್ಪು ಎರಡನ್ನೂ ಬೆಸೆದ ಹೆಸರನ್ನೇ ಕೊಟ್ಟರು. ಆದ್ದರಿಂದ ಸಕ್ಕರೆ ಕಾಯಿಲೆಯವರ ರಕ್ತನಾಳಗಳು ಬೇಗ ಮುಪ್ಪಾಗುವುದೂ, ಮುಪ್ಪಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚುವುದೂ ಒಂದೇ ನೂಲಿನ ಎರಡು ತುದಿಗಳಂತೆ ನನಗೆ ಕಾಣುತ್ತವೆ.

ಹಾಗಾದರೆ ಉರಿಯೂತವನ್ನೇ ಔಷಧದಿಂದ ಅಡಗಿಸಬಾರದೇ? ಹೃದಯಾಘಾತವಾಗಿದ್ದ ಸುಮಾರು 10,000 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ, ಕೊಲೆಸ್ಟ್ರಾಲನ್ನು ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸಿದ ಚುಚ್ಚುಮದ್ದು ಹೃದಯಾಘಾತ, ಪಾರ್ಶ್ವವಾಯುಗಳನ್ನು ಸುಮಾರು ಶೇ. 15ರಷ್ಟು ಕಡಿಮೆ ಮಾಡಿತು. ಜೊತೆಗೆ ಸೋಂಕಿನಿಂದ ಸತ್ತವರ ಸಂಖ್ಯೆಯೂ ಹೆಚ್ಚಿತು. ಮುಳ್ಳು ಚುಚ್ಚಿದಾಗ ನಮ್ಮನ್ನು ಕಾಯುವುದೂ ಇದೇ ಉರಿಯೂತವಲ್ಲವೇ!

ಎರಡನೆಯ ವರದಿ ನೋಡಿದ ವೈದ್ಯರು ಮಾತ್ರೆಯ ಮಾತೆತ್ತಲಿಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ ಎಂದು ಕೇಳಿದರು. “ಬರುತ್ತೆ, ಅದು ಉಷ್ಣಕ್ಕೆ” ಎಂದರು ಅಪ್ಪ. ಅವರ ಕೆಳವಸಡು ಎರಡು ವರ್ಷದಿಂದ ಬಾತುಕೊಂಡೇ ಇದ್ದುದು ನನಗೆ ಗೊತ್ತಾದದ್ದು ಆಗಲೇ.