ಮೈಸೂರು ಲ್ಯಾನ್ಸರ್ಸ್ ಮತ್ತು ಎರಡು ವಾರದ ಲೆಕ್ಕ

ಹೈಫಾ ಯುದ್ಧದ ಹೆಸರು ಕೇಳದ ಮೈಸೂರು ಸೀಮೆಯವರು ಈಗ ಕಡಿಮೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರ ಕಡೆಯಿಂದ ಹೋರಾಡಿದ ಜೋಧಪುರ ಮತ್ತು ಮೈಸೂರಿನ ಕುದುರೆ ಸವಾರರು, ಅಂದರೆ ಲ್ಯಾನ್ಸರ್ಸ್, ಭರ್ಜಿ ಹಿಡಿದು, ತುರ್ಕರ ಮಷಿನ್ ಗನ್ನು, ಫಿರಂಗಿಗಳ ಎದುರು ನುಗ್ಗಿ ಈಗಿನ ಇಸ್ರೇಲಿನಲ್ಲಿರುವ ಆ ಬಂದರು ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಹೈದರಾಬಾದ್, ಜೋಧಪುರ ಮತ್ತು ನಮ್ಮ ಮೈಸೂರಿನ ಸವಾರರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕ ಇದೆ. ನಾನು ಲಂಡನ್ನಿನಲ್ಲಿ ಕೂತು ಓದುತ್ತಿರುವುದು ಈ ಸವಾರರ ಕಥೆಯನ್ನೇ. ಆದರೆ ಆ ಒಂದು ಮಧ್ಯಾಹ್ನದ್ದಲ್ಲ. ಅದರ ಹಿಂದಿನ ನಾಲ್ಕು ವರ್ಷದ್ದು, ಅದರ ಮುಂದಿನ ಒಂದು ತಿಂಗಳಿನದ್ದು.

ಊರಿನಿಂದ ಫೋನ್ ಮಾಡುವವರು ಕೇಳುತ್ತಾರೆ, ನಿನ್ನದು ಯಾವ ಇತಿಹಾಸ ಅಂತ. ಯುದ್ಧದ್ದಾ, ವೈದ್ಯಕೀಯದ್ದಾ, ವಲಸೆಯದ್ದಾ, ಪರಿಸರದ್ದಾ? ವಿಶ್ವವಿದ್ಯಾಲಯಗಳಲ್ಲಿ ಇವಕ್ಕೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಮೇಷ್ಟ್ರು. ಆದರೆ ಆ ಸವಾರನಿಗೆ ಇದ್ದದ್ದು ಒಂದೇ ಮೈ. ಸಮುದ್ರ ದಾಟಿದ್ದೂ ಅದೇ, ಗುಂಡಿನ ಎದುರು ಹೋದದ್ದೂ ಅದೇ, ಜ್ವರದಲ್ಲಿ ನಡುಗಿದ್ದೂ ಅದೇ. ನಾನು ನಾಲ್ಕನ್ನೂ ಒಟ್ಟಿಗೆ ಓದಬೇಕು ಅಂತ ಹಟ ಹಿಡಿದಿರುವುದು ಅದಕ್ಕೇ.

ಇಲ್ಲಿ ಕಾಗದಗಳು ಮೂರು ಕಡೆ ಹಂಚಿಹೋಗಿವೆ. ಸೈನ್ಯದ ಯುದ್ಧ ದಿನಚರಿಗಳು ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಸೇನೆಯ ಡಾಕ್ಟರುಗಳ ಕಾಗದಪತ್ರಗಳ ದೊಡ್ಡ ಸಂಗ್ರಹ ಯೂಸ್ಟನ್ ರಸ್ತೆಯ ವೆಲ್‌ಕಮ್ ಕಲೆಕ್ಷನ್‌ನಲ್ಲಿ. ಅದೇ ರಸ್ತೆಯಲ್ಲಿ ಸ್ವಲ್ಪ ನಡೆದರೆ ಬ್ರಿಟಿಷ್ ಲೈಬ್ರರಿ, ಅಲ್ಲಿ ಇಂಡಿಯಾ ಆಫೀಸಿನ ದಾಖಲೆಗಳು. ಕ್ಯೂನಲ್ಲಿ ಗುರುತಿನ ಚೀಟಿ, ವಿಳಾಸದ ದಾಖಲೆ ತೋರಿಸಿದರೆ ಯಾರಿಗೆ ಬೇಕಾದರೂ ಓದುಗರ ಕಾರ್ಡು ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ನೀರಿನ ಬಾಟಲಿಯೂ ಲಾಕರಿನಲ್ಲೇ ಇರಬೇಕು. ಸಾಮ್ರಾಜ್ಯ ಕಟ್ಟಿದವರ ಬಗ್ಗೆ ನನಗೆ ಸಿಟ್ಟಿದೆ. ಆದರೆ ಈ ಕಾಗದಗಳನ್ನು ನೂರು ವರ್ಷ ಕಾಪಾಡಿ, ಯಾರು ಕೇಳಿದರೂ ಮೇಜಿನ ಮೇಲೆ ತಂದಿಡುವವರ ಬಗ್ಗೆ ಗೌರವವೂ ಅಷ್ಟೇ ಇದೆ.

ಯುದ್ಧ ದಿನಚರಿ ಅಂದರೆ ಆರ್ಮಿ ಫಾರ್ಮ್ ಸಿ 2118. ಸ್ಥಳ, ತಾರೀಖು, ಗಂಟೆ, ಅಂದು ನಡೆದದ್ದರ ಸಾರಾಂಶ, ಷರಾ. ಇಷ್ಟೇ ಕಾಲಮ್ಮುಗಳು. ಕೆಲವು ಹಾಳೆಗಳಲ್ಲಿ ನೇರಳೆ ಬಣ್ಣಕ್ಕೆ ತಿರುಗುವ ಪೆನ್ಸಿಲ್ ಬರಹ, ಕೆಲವದರಲ್ಲಿ ಟೈಪ್. ದಾಳಿಯ ದಿನ ಉದ್ದಕ್ಕೆ ಬರೆದಿರುತ್ತಾರೆ. ಉಳಿದ ದಿನ ಒಂದೆರಡು ಸಾಲು: ಕುದುರೆಗಳಿಗೆ ನೀರು ಕುಡಿಸಿದ್ದು, ಇಷ್ಟು ಜನ ಕಾಯಿಲೆ ಬಿದ್ದು ಆಸ್ಪತ್ರೆಗೆ ಹೋದದ್ದು. ನಾನು ಜಾಸ್ತಿ ಹೊತ್ತು ಕಳೆಯುವುದು ಈ ಚಿಕ್ಕ ಸಾಲುಗಳ ಜೊತೆಗೇ.

ನೀರಿನದನ್ನೇ ನೋಡಿ. 1914ರ ಕೊನೆಯಲ್ಲಿ ಮೈಸೂರಿನ ಸವಾರರು ಈಜಿಪ್ಟಿಗೆ ಬಂದು ಸೂಯೆಜ್ ಕಾಲುವೆಯ ಕಾವಲಿಗೆ ನಿಂತರು. ಮುಂದೆ ಸೈನ್ಯ ಸಿನಾಯ್ ಮರಳುಗಾಡು ದಾಟಬೇಕಾಯಿತು. ಒಂದು ಕುದುರೆಗೆ ದಿನಕ್ಕೆ ಮೂವತ್ತು ಲೀಟರಿನಷ್ಟು ನೀರು ಬೇಕು. ಹಾಗಾಗಿ ನೈಲ್ ನದಿಯ ನೀರನ್ನು ಸೋಸಿ, ಕೊಳವೆಯಲ್ಲಿ ಮರಳುಗಾಡಿನ ಉದ್ದಕ್ಕೂ ಹರಿಸಿದರು. ಪಕ್ಕದಲ್ಲೇ ರೈಲು ಹಳಿ. ಸುಮ್ನೆ ಸೋಸಿದ್ದಲ್ಲ. ನೈಲ್ ಕಾಲುವೆಗಳ ನೀರಿನಲ್ಲಿ ಬಿಲ್‌ಹಾರ್ಜಿಯಾ ಅನ್ನುವ ಕಾಯಿಲೆ ತರುವ ಹುಳು ಇತ್ತು. ಅದು ಬಸವನ ಹುಳದ ಮೂಲಕ ಮನುಷ್ಯನ ಚರ್ಮದೊಳಗೆ ಹೊಕ್ಕುತ್ತದೆ ಅಂತ 1915ರಲ್ಲಿ ಈಜಿಪ್ಟಿನಲ್ಲೇ ತೋರಿಸಿಕೊಟ್ಟವರು ರಾಬರ್ಟ್ ಲೀಪರ್. ಅವರನ್ನು ಅಲ್ಲಿಗೆ ಕಳಿಸಿದ್ದು ಬ್ರಿಟನ್ನಿನ ಯುದ್ಧ ಇಲಾಖೆ. ಆ ಹಳಿ, ಆ ಕೊಳವೆ ಹಾಕಲು ಬೆವರು ಸುರಿಸಿದ್ದು ಬ್ರಿಟಿಷ್ ಸೈನ್ಯದ ಕೂಲಿ ಪಡೆಯಾದ ಈಜಿಪ್ಷಿಯನ್ ಲೇಬರ್ ಕೋರ್‌ನ ರೈತರು. ಮೊದಮೊದಲು ಕೂಲಿಗೆ ಬಂದವರು, ಆಮೇಲೆ ಹಳ್ಳಿಗಳಿಂದ ಬಲವಂತವಾಗಿ ಎಳೆದು ತಂದವರು. 1919ರಲ್ಲಿ ಈಜಿಪ್ಟ್ ದಂಗೆ ಎದ್ದದ್ದಕ್ಕೆ ಈ ಸಿಟ್ಟೂ ಒಂದು ಕಾರಣ. ಮೈಸೂರಿನ ಕುದುರೆ ಕುಡಿದ ನೀರಿನ ಹಿಂದೆ ಇಷ್ಟೆಲ್ಲಾ ಇದೆ.

1918ರ ಬೇಸಿಗೆಯಲ್ಲಿ ಇದೇ ಸವಾರರು ಜೋರ್ಡಾನ್ ಕಣಿವೆಯಲ್ಲಿದ್ದರು. ಜೆರಿಕೊ ಸುತ್ತಲಿನ ನೆಲ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಸುಡುವ ಬಿಸಿಲು, ಹಿಟ್ಟಿನಂಥ ಧೂಳು, ನೀರಿದ್ದ ಕಡೆಯೆಲ್ಲಾ ಸೊಳ್ಳೆ. ಜುಲೈ 14ರಂದು ಜೋಧಪುರ, ಮೈಸೂರು ಪಡೆಗಳು ಅಲ್ಲೂ ನದಿ ದಡದಲ್ಲಿ ಒಂದು ದಾಳಿ ಮಾಡಿದವು. ಅದೇ ವರ್ಷ ಅದೇ ಕಣಿವೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ವೆಸ್ಟ್ ಇಂಡೀಸಿನ ಸೈನಿಕರೂ ಬಂದರು. ಇಷ್ಟು ದೇಶಗಳ ಜನ ಒಂದೇ ಸೊಳ್ಳೆಯ ಬಾಯಿಗೆ ಸಿಕ್ಕಿದ್ದರು.

ಮಲೇರಿಯಾ ಹರಡುವುದು ಸೊಳ್ಳೆಯಿಂದ ಅನ್ನೋದು ಅಷ್ಟೊತ್ತಿಗೆ ಗೊತ್ತಿತ್ತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅದಕ್ಕೂ ಮುಂಚೆ ಅವರು ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸದಲ್ಲಿದ್ದವರು. ಹಾಗಾಗಿ ಕಣಿವೆಯಲ್ಲಿ ಸೈನಿಕರು ಗನ್ನಿನಷ್ಟೇ ಸಲಿಕೆಯನ್ನೂ ಹಿಡಿದರು. ಜೌಗು ಬಸಿದರು, ಜೊಂಡು ಕೊಯ್ದರು, ನಿಂತ ನೀರಿಗೆ ಎಣ್ಣೆ ಸುರಿದರು. ತಮ್ಮ ಗಡಿಯೊಳಗೆ ಇದು ಸಾಕಷ್ಟು ಕೆಲಸ ಮಾಡಿತು. ಗಡಿಯಾಚೆ, ತುರ್ಕರ ಕಡೆಯ ನೆಲದಲ್ಲಿ, ಇಂಥ ಕೆಲಸ ಆಗಿರಲಿಲ್ಲ.

ಸೆಪ್ಟೆಂಬರ್ 19ರಂದು ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿಯ ಕುದುರೆ ಪಡೆ ಆ ಗಡಿ ದಾಟಿ ಉತ್ತರಕ್ಕೆ ನುಗ್ಗಿತು. ನಾಲ್ಕು ದಿನಕ್ಕೆ ಹೈಫಾ. ಅಲ್ಲೂ ನೆಲವೇ ದಾರಿ ಹೇಳಿತು. ಒಂದು ಕಡೆ ಕಿಶೋನ್ ನದಿ, ಅದರ ದಡದಲ್ಲಿ ಕಾಲಿಟ್ಟರೆ ಹೂತುಹೋಗುವ ಮರಳು. ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ. ಜೋಧಪುರದವರು ನದಿ ಬಿಟ್ಟು ಎಡಕ್ಕೆ, ಬೆಟ್ಟದ ಬುಡಕ್ಕೆ ತಿರುಗಬೇಕಾಯಿತು. ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಹೋದವರಲ್ಲಿ ಮೈಸೂರಿನವರು ಇದ್ದರು. 1,350 ಮಂದಿ ಸೆರೆ ಸಿಕ್ಕರು.

ಈಗ ಕ್ಯಾಲೆಂಡರ್ ನೋಡಿ. ಕೆಟ್ಟ ಜಾತಿಯ ಮಲೇರಿಯಾ ಸೊಳ್ಳೆ ಕಚ್ಚಿದ 10ರಿಂದ 14 ದಿನಕ್ಕೆ ಹೊರಬೀಳುತ್ತದೆ. ಸೆಪ್ಟೆಂಬರ್ 19ಕ್ಕೆ ಎರಡು ವಾರ ಸೇರಿಸಿದರೆ ಅಕ್ಟೋಬರ್ ಮೊದಲ ವಾರ. ಅಕ್ಟೋಬರ್ 1ಕ್ಕೆ ಡಮಾಸ್ಕಸ್ ಕೈಗೆ ಬಂತು. ಅದರ ಬೆನ್ನಿಗೇ ಸವಾರರು ಸಾಲುಸಾಲಾಗಿ ಮಲಗಿದರು. ಜೊತೆಗೆ ಆ ವರ್ಷದ ಇನ್‌ಫ್ಲುಯೆಂಜಾ. ಯಾವ ಜ್ವರ ಯಾವುದು ಅಂತ ಗುರುತಿಸುವುದೇ ಕಷ್ಟ. ಕ್ಯೂನ ಕಡತ ಗೆಲುವಿನ ಮುನ್ನಡೆ ಅನ್ನುವ ಅದೇ ದಿನಗಳನ್ನು ಯೂಸ್ಟನ್ ರಸ್ತೆಯ ಕಾಗದಗಳು ಸಾಂಕ್ರಾಮಿಕ ಅನ್ನುತ್ತವೆ. ಎರಡೂ ನಿಜವೇ.

ಇಂಥ ಸ್ಥಿತಿಯಲ್ಲಿದ್ದ ಪಡೆಯ ಜೊತೆ ಮೈಸೂರಿನವರು ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಮತ್ತೆ ದಾಳಿಗೆ ಇಳಿದರು. ಈ ಸಲ ಗೆಲುವು ಸಿಗಲಿಲ್ಲ. ಎದುರಾಳಿಗಳು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ ಇದ್ದರು. ಅಕ್ಟೋಬರ್ 30ಕ್ಕೆ ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು. ಇನ್ನು ನಾಲ್ಕೇ ದಿನ ತಡೆದಿದ್ದರೆ ಹರಿತಾನ್‌ನಲ್ಲಿ ಬಿದ್ದವರು ಉಳಿಯುತ್ತಿದ್ದರು ಅಲ್ವಾ, ಅನ್ನುವ ಯೋಚನೆ ನನ್ನನ್ನು ಬಿಡುವುದಿಲ್ಲ. ಹೈಫಾಕ್ಕೆ ಹೂವಿಡುವ ನಾವು ಹರಿತಾನ್ ಹೆಸರನ್ನೂ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇಲ್ಲಿನ ಕಡತಗಳಲ್ಲಿ ಸಿಗದೇ ಇರುವುದು ಸವಾರರು ಮನೆಗೆ ಬಂದ ಮೇಲಿನ ಕಥೆ. ಮಲೇರಿಯಾದ ಒಂದು ಜಾತಿ ಲಿವರಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೂ ಮರುಕಳಿಸುತ್ತದೆ. ಅಂಥ ಜ್ವರ ಯಾರ ಮನೆಗೆ ಬಂತು, ಯಾರು ಆರೈಕೆ ಮಾಡಿದರು, ಪಿಂಚಣಿ ಸಿಕ್ಕಿತಾ ಅನ್ನೋದಕ್ಕೆ ಉತ್ತರ ನಿಮ್ಮ ಕಡೆಯೇ ಇರಬೇಕು. ಮುತ್ತಜ್ಜ ಲ್ಯಾನ್ಸರ್ಸ್‌ನಲ್ಲಿದ್ದರು ಅನ್ನುವ ಮಾತು ಮನೆಯಲ್ಲಿದ್ದರೆ ಹಳೇ ಪೆಟ್ಟಿಗೆ ತೆಗೆದು ನೋಡಿ. ಪದಕ ಸಿಕ್ಕರೆ ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ. ಹೆಸರು, ದರ್ಜೆ, ಪಡೆ ಅಲ್ಲಿ ಅಚ್ಚಾಗಿರುತ್ತದೆ. ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಕಾಗದಗಳಿದ್ದರೆ ಎರಡೂ ಬದಿಯ ಫೋಟೋ ತೆಗೆದಿಡಿ. ಅಜ್ಜಿಯರು ಹೇಳುವ ಜ್ವರದ ಕಥೆಯನ್ನೂ ಬರೆದಿಟ್ಟುಕೊಳ್ಳಿ.