ಊರಿನ ಹೆಸರಿಗಿಂತ ಮೊದಲು ಇಸವಿ ಓದಿ

ನಾನು ಕೂತಿರುವುದು ಬೆಂಗಳೂರಿನಲ್ಲಿ, ಕೆಲಸ ಮಾತ್ರ ಬ್ರೆಜಿಲ್‌ನ ಚೋರಟೆಗಳದ್ದು, ಅಂದರೆ ಸಹಸ್ರಪದಿಗಳದ್ದು. ಮ್ಯೂಸಿಯಂಗಳಲ್ಲಿ ಆಲ್ಕೋಹಾಲ್ ತುಂಬಿದ ಸೀಸೆಗಳಲ್ಲಿರುವ ಸಹಸ್ರಪದಿಗಳ ಲೇಬಲ್ ವಿವರ ನಮಗೆ ಸ್ಪ್ರೆಡ್‌ಶೀಟ್ ಆಗಿ ಬರುತ್ತದೆ. ಪ್ರತಿ ಸಾಲಿಗೂ ಅಕ್ಷಾಂಶ, ರೇಖಾಂಶ ಹುಡುಕಿ ನಕ್ಷೆಗೆ ಏರಿಸುವುದು ನನ್ನ ಪಾಲು. ಇತ್ತೀಚೆಗೆ ಹೆಚ್ಚು ಹೊತ್ತು ತಿಂದದ್ದು ಸ್ಯೂಡೊನ್ಯಾನೊಲೀನ್ ಎಂಬ ಕುಲ. ಇಟಲಿಯ ಫಿಲಿಪ್ಪೊ ಸಿಲ್ವೆಸ್ಟ್ರಿ 1895ರಲ್ಲಿ ಇಟ್ಟ ಹೆಸರು ಅದು. ಐವತ್ತಕ್ಕೂ ಹೆಚ್ಚು ಪ್ರಭೇದಗಳು, ಬಹುಪಾಲು ಬ್ರೆಜಿಲ್‌ನವೇ.

ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು: ಊರಿನ ಹೆಸರು ಆಮೇಲೆ, ಮೊದಲು ಇಸವಿ ಓದಿ. 1940ರ ಲೇಬಲ್‌ನಲ್ಲಿ 'ಡಿಸ್ಟ್ರಿಟೊ ಫೆಡರಲ್' (ರಾಜಧಾನಿ ಜಿಲ್ಲೆ) ಎಂದಿದ್ದರೆ ಅದು ರಿಯೊ ಡಿ ಜನೈರೊ. ರಾಜಧಾನಿ ಬ್ರೆಸಿಲಿಯಾಕ್ಕೆ ಹೋದದ್ದು 1960ರಲ್ಲಿ. ಇಸವಿಯ ಗೊಡವೆಗೇ ಹೋಗದ ಸಾಫ್ಟ್‌ವೇರ್ ಕರಾವಳಿ ಕಾಡಿನ ಹುಳುವನ್ನು ಸುಮಾರು 900 ಕಿ.ಮೀ. ಒಳನಾಡಿನ ಸೆರಾಡೊ ಬಯಲಿಗೆ ಎತ್ತಿಹಾಕುತ್ತದೆ. 'ಮಾಟೊ ಗ್ರೊಸೊ' ಎಂದಷ್ಟೇ ಬರೆದಿರುವ ಹಳೆಯ ಸೀಸೆ ಇಂದಿನ ಮಾಟೊ ಗ್ರೊಸೊ ಡೊ ಸುಲ್‌ನದ್ದೂ ಇರಬಹುದು. ಆ ರಾಜ್ಯ ಬೇರೆಯಾದದ್ದು 1979ರಲ್ಲಿ. 'ಗೊಯಾಸ್' ಎಂದಿದ್ದರೂ ಇದೇ ಪಾಡು, ಅದರ ಉತ್ತರ ಭಾಗವನ್ನು 1988ರ ಸಂವಿಧಾನ ಟೊಕಾಂಟಿನ್ಸ್ ಮಾಡಿತು. ಹಕ್ಕಿಯ ನಕ್ಷೆಯಲ್ಲಾದರೆ ಇಂಥ ತಪ್ಪು ಹೇಗೋ ಮುಚ್ಚಿಹೋಗುತ್ತದೆ. ತೇವ ಬಿಟ್ಟು ಬದುಕಲಾರದ, ದೂರ ನಡೆಯದ ಸಹಸ್ರಪದಿಗೆ ಎಷ್ಟೋ ಸಲ ಒಂದು ಬೆಟ್ಟಸಾಲೇ ಇಡೀ ಪ್ರಪಂಚ.

ಮೈನಸ್ ಚಿಹ್ನೆಯ ಕಥೆ ಬೇರೆ. ದಕ್ಷಿಣದ ಅಕ್ಷಾಂಶ, ಪಶ್ಚಿಮದ ರೇಖಾಂಶಗಳನ್ನು ನಾವು ಮೈನಸ್ ಹಾಕಿ ಬರೆಯುತ್ತೇವೆ. ಸಾವೊ ಪಾಲೊ ರಾಜ್ಯದ ಪಿರಸುನುಂಗ ಇರುವುದು ಸರಿಸುಮಾರು 22 ಡಿಗ್ರಿ ದಕ್ಷಿಣ, 47 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಮೈನಸ್ ಉದುರಿದರೆ ಚುಕ್ಕೆ ಸೌದಿ ಅರೇಬಿಯಾದ ಮರಳಿನಲ್ಲಿ! ಇದು ನಗು ಬರಿಸುವ ತಪ್ಪು, ಆದ್ದರಿಂದಲೇ ಬೇಗ ಸಿಕ್ಕಿಬೀಳುತ್ತದೆ.

ಪಿರಸುನುಂಗದ ಹೆಸರು ಸುಮ್ಮನೆ ತೆಗೆಯಲಿಲ್ಲ. ಜರ್ಮನಿಯಿಂದ ಬಂದ ಒಟ್ಟೊ ಶೂಬಾರ್ಟ್ ಅಲ್ಲಿ ನೆಲೆನಿಂತು ಬ್ರೆಜಿಲ್‌ನ ಸಹಸ್ರಪದಿಗಳಿಗೆ ರಾಶಿ ಹೆಸರು ಕೊಟ್ಟರು. ಅವರ ಸಂಗ್ರಹ ಸಾವೊ ಪಾಲೊ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿದೆ. ಆಗ್ನೇಯ ಬ್ರೆಜಿಲ್‌ನಲ್ಲಿ ಚುಕ್ಕೆಗಳು ಕಿಕ್ಕಿರಿದಿದ್ದರೆ ಹುಳು ಅಲ್ಲೇ ಹೆಚ್ಚು ಎಂದು ತಕ್ಷಣ ನಂಬಬೇಡಿ. ಹುಡುಕುವವರು ಅಲ್ಲಿದ್ದರು.

ಪ್ರಭೇದದ ಹೆಸರಿನ ವಿಷಯದಲ್ಲಿ ನಾನು ಇನ್ನೂ ಜಿಪುಣ. ಈ ಕುಲದಲ್ಲಿ ಗುರುತು ನಿಲ್ಲುವುದು ಮುಖ್ಯವಾಗಿ ಪ್ರಾಯಕ್ಕೆ ಬಂದ ಗಂಡಿನ ಏಳನೇ ಉಂಗುರದ ಗೋನೋಪಾಡ್ ಮೇಲೆ, ಅಂದರೆ ವೀರ್ಯ ದಾಟಿಸಲು ರೂಪ ಬದಲಿಸಿಕೊಂಡ ಕಾಲಿನ ಮೇಲೆ. ಸೀಸೆಯಲ್ಲಿ ಹೆಣ್ಣೋ ಮರಿಯೋ ಮಾತ್ರ ಇದ್ದರೆ ಕುಲದ ಹೆಸರಿಗೇ ನಿಲ್ಲಿಸುತ್ತೇವೆ. ಪಕ್ಕದ ಊರಿನಲ್ಲಿ ಸಿಕ್ಕ ಪ್ರಭೇದದ ಹೆಸರನ್ನು ಇದಕ್ಕೂ ಅಂಟಿಸುವ ಆಸೆ ಎಲ್ಲರಿಗೂ ಆಗುತ್ತದೆ. ಗುಹೆಗಳಲ್ಲಿ ಸಿಕ್ಕ ಮಾದರಿಗಳಲ್ಲಂತೂ ಅದು ಅಪಾಯ. ಪಾರಾ ರಾಜ್ಯದ ಕಬ್ಬಿಣದ ಅದಿರಿನ ಗುಹೆಯಿಂದ 2013ರಲ್ಲಿ ಸ್ಯೂಡೊನ್ಯಾನೊಲೀನ್ ಸ್ಪೀಲಿಯಾ ಎಂಬ, ಗುಹೆ ಬಿಟ್ಟು ಹೊರಗೆ ಬಾಳದ ಪ್ರಭೇದ ವರದಿಯಾಯಿತು. ಬ್ರೆಜಿಲ್‌ನಲ್ಲಿ 2008ರ ಒಂದು ಆದೇಶ ಗುಹೆಗಳನ್ನು ಮಹತ್ವದ ನಾಲ್ಕು ದರ್ಜೆಗಳಿಗೆ ಹಂಚಿತು. ಅಪರೂಪದ ಗುಹಾಜೀವಿ ಇದ್ದರೆ ಗುಹೆ ಮೇಲಿನ ದರ್ಜೆಗೆ ಸೇರಬಹುದು, ಗಣಿಗಾರಿಕೆಗೆ ತಡೆ ಬೀಳಬಹುದು. ಹೀಗಿರುವಾಗ ಒಂದೇ ಗುಹೆಯ ಜೀವಿಗೆ ನಾವು ಊಹೆಯಿಂದ ಎರಡನೇ ಚುಕ್ಕೆ ಇಟ್ಟರೆ ಅದು 'ಬೇರೆಡೆಯೂ ಇದೆ' ಎನ್ನುವವರ ಕೈಗೆ ಕಾಗದವಾಗುತ್ತದೆ.

ಹಾಗಾಗಿ ನಮ್ಮಲ್ಲಿ ಚುಕ್ಕೆ ಒಂಟಿಯಾಗಿ ಹೋಗುವುದಿಲ್ಲ, ಜೊತೆಗೆ ಎಷ್ಟು ಕಿ.ಮೀ. ಆಚೀಚೆ ಆಗಬಹುದು ಎಂಬ ಸಂಖ್ಯೆಯೂ ಹೋಗುತ್ತದೆ. ಗುಹೆಯ ಹೆಸರಿದ್ದರೆ ಸಣ್ಣ ವೃತ್ತ, ಊರಿನ ಹೆಸರಷ್ಟೇ ಇದ್ದರೆ ದೊಡ್ಡದು. ರಾಜ್ಯದ ಹೆಸರು ಮಾತ್ರ ಇರುವ ಸಾಲುಗಳು ಪಟ್ಟಿಯಲ್ಲಿ ಉಳಿಯುತ್ತವೆ, ನಕ್ಷೆಗೆ ಬರುವುದಿಲ್ಲ. ನಕ್ಷೆ ಬೋಳಾಗಿ ಕಾಣುತ್ತದೆ ಎಂದು ಪ್ರತಿ ಮೀಟಿಂಗಿನಲ್ಲೂ ಯಾರಾದರೂ ಗೊಣಗುತ್ತಾರೆ, ಗೊಣಗಲಿ.